ಶೇ. 6.9 ಸರಿಯೋ, ಶೇ. 22.5 ಸರಿಯೋ?

ಮೆದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ಒಡೆದರೆ ಎರಡು ದಾರಿ. ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಬಹುದು. ಇಲ್ಲವೇ ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ಕಳಿಸಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬಬಹುದು. 2143 ರೋಗಿಗಳಲ್ಲಿ ಇವೆರಡನ್ನು ಹೋಲಿಸಿದ ಐಸ್ಯಾಟ್ ಅಧ್ಯಯನ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಒಂದು ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಗುಂಪಿನಲ್ಲಿ ಶೇ. 30.6, ಸುರುಳಿ ಗುಂಪಿನಲ್ಲಿ ಶೇ. 23.7.

ಕಳೆದರೆ 6.9. ಅದನ್ನು 30.6ರಿಂದ ಭಾಗಿಸಿದರೆ ಸುಮಾರು ಶೇ. 22.5. ಲೆಕ್ಕ ಎರಡೂ ಸರಿ, ಆದರೆ ಮಾರುವವರು ದೊಡ್ಡದನ್ನೇ ಹೇಳುತ್ತಾರೆ! ನನಗೆ ಮೊದಲನೆಯದೇ ಅರ್ಥವಾಗುತ್ತದೆ: ನೂರರಲ್ಲಿ ಸುಮಾರು ಏಳು ಮಂದಿ, ಅಂದರೆ ಏಳು ಮನೆ. ಸುರುಳಿಯವರಲ್ಲಿ ಮತ್ತೆ ರಕ್ತಸ್ರಾವ ಸ್ವಲ್ಪ ಹೆಚ್ಚಿತ್ತು. ಎರಡೂ ವಿಧಾನ ಹೊಂದುವ ರೋಗಿಗಳನ್ನಷ್ಟೇ ಸೇರಿಸಿಕೊಂಡಿದ್ದರಿಂದ ಈ ಅಂಕಿ ಎಲ್ಲರಿಗೂ ಅನ್ವಯಿಸದು.