ಅರಿವಳಿಕೆಯಿಂದ ಎಚ್ಚರಕ್ಕೆ

ಶಸ್ತ್ರಚಿಕಿತ್ಸೆಯೆಂದೊಡನೆ ಬಹುಮಂದಿ ಅಂಜುವುದು ಪ್ರಜ್ಞೆ ತಪ್ಪಿಸುವುದಕ್ಕೆ. ಪ್ರಜ್ಞೆ ಮರಳುವ ಗಳಿಗೆಯೂ ಅಷ್ಟೇ ಎಚ್ಚರಿಕೆಯನ್ನು ಬೇಡುತ್ತದೆ. ಆರ್.ಎಸ್. ಪುರಂನ ನಾವು ಆಸ್ಪತ್ರೆಗಳಿಗೆ ಹೆಸರಾದ ಕೋಯಮತ್ತೂರಿನಲ್ಲಿಯೇ ವಾಸಿಸುವವರು. ಇದನ್ನು ಅರಿತಿರುವುದು ಮೇಲು.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬಾತನು ಈಥರಿನ ಅರಿವಳಿಕೆಯನ್ನು ಬಹಿರಂಗವಾಗಿ ಪ್ರಯೋಗಿಸಿ ತೋರಿಸಿದನು. 1878ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಮೆಕ್‌ಯೂವನ್ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆಯನ್ನಿಳಿಸಿ ಅರಿವಳಿಕೆ ಕೊಡಿಸಿದನು. ಇಂದು ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಸ್ನಾಯುಗಳನ್ನು ಸಡಿಲಿಸುವ ಔಷಧಿಯಿಂದ ರೋಗಿಯ ಸ್ವಂತ ಉಸಿರಾಟ ನಿಲ್ಲುತ್ತದೆ. ಯಂತ್ರವು ಕೊಳವೆಯ ಮೂಲಕ ಉಸಿರು ನೀಡುತ್ತದೆ.

ಕೆಲಸ ಮುಗಿದ ಮೇಲೆ ಕೊಳವೆಯನ್ನು ತೆಗೆಯಬೇಕು. ಎಚ್ಚರವಾಗುತ್ತಿರುವ ಗಂಟಲು ಅದನ್ನು ಪರವಸ್ತುವೆಂದು ಬಗೆದು ಕೆಮ್ಮುತ್ತದೆ. ಕೆಮ್ಮು ದೇಹದ ಕಾವಲುಗಾರ. ಆದರೆ ಆಗಿನ ಬಿರುಸಾದ ಕೆಮ್ಮಿನಿಂದ ರಕ್ತದೊತ್ತಡವೇರಿ, ಕಣ್ಣು, ಮಿದುಳು, ಕತ್ತುಗಳ ಹೊಸ ಗಾಯಕ್ಕೆ ಅಪಾಯವಾಗಬಹುದು. ಕೆಲವೊಮ್ಮೆ ಧ್ವನಿತಂತುಗಳು ಬಿಗಿದುಕೊಂಡು ಉಸಿರಿನ ದಾರಿಯೇ ಮುಚ್ಚುತ್ತದೆ. ನೆಗಡಿಯಿರುವ ಮಕ್ಕಳಲ್ಲಿ ಈ ಭಯ ಹೆಚ್ಚು.

ಇದಕ್ಕೆ ಔಷಧಿಗಳುಂಟು. 1943ರಲ್ಲಿ ಸ್ವೀಡನ್ನಿನ ಲಾಫ್‌ಗ್ರೆನ್ ತಯಾರಿಸಿದ ಲಿಡೊಕೇಯ್ನನ್ನು ಅಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ ಕೆಮ್ಮು ತಗ್ಗುತ್ತದೆ. ರೆಮಿಫೆಂಟನಿಲ್ ಕೂಡ ಕೆಮ್ಮನ್ನು ಅಡಗಿಸುತ್ತದೆ. ಡೆಕ್ಸ್‌ಮೆಡಿಟೊಮಿಡೀನ್ ಉಸಿರಾಟವನ್ನು ಹೆಚ್ಚು ಕುಗ್ಗಿಸದೆ ರೋಗಿಯನ್ನು ಶಾಂತವಾಗಿರಿಸುತ್ತದೆ. ಆದರೆ ಔಷಧಿ ಮಿತಿಮೀರಿದರೆ ಎಚ್ಚರ ತಡವಾದೀತು, ಉಸಿರೂ ಕುಗ್ಗೀತು, ನಾಡಿಯೂ ನಿಧಾನವಾದೀತು. ಕಾವಲುಗಾರನನ್ನು ಸಮಾಧಾನಪಡಿಸಬೇಕೇ ಹೊರತು ಮಲಗಿಸಬಾರದು. ಆದುದರಿಂದಲೇ ವೈದ್ಯರು ಮೊದಲು ನಿಯೋಸ್ಟಿಗ್ಮಿನ್ ಅಥವಾ ಸುಗಮ್ಮಾಡೆಕ್ಸ್ ಕೊಟ್ಟು ಸ್ನಾಯುಗಳ ಬಲವನ್ನು ಮರಳಿಸುತ್ತಾರೆ. ರೋಗಿ ತಾನೇ ಉಸಿರಾಡುವನೇ, ಕರೆದರೆ ಕಣ್ತೆರೆಯುವನೇ ಎಂದು ನೋಡಿ, ಸಾಮಾನ್ಯವಾಗಿ ಅನಂತರವೇ ಕೊಳವೆಯನ್ನು ತೆಗೆಯುತ್ತಾರೆ.

ತಂದೆತಾಯಿಗಳ ಪಾಲಿನ ಕರ್ತವ್ಯವೂ ಇಲ್ಲಿದೆ. ಮಗುವಿಗೆ ನೆಗಡಿ, ಉಬ್ಬಸಗಳಿದ್ದರೆ, ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಮುಚ್ಚಿಡಬಾರದು. ಘನಾಹಾರ ನಿಲ್ಲಿಸಿ ಆರು ಗಂಟೆ, ನೀರು ನಿಲ್ಲಿಸಿ ಎರಡು ಗಂಟೆಯಾಗಿರಬೇಕೆಂಬುದು ಸಾಮಾನ್ಯ ನಿಯಮ; ವೈದ್ಯರು ಬೇರೆ ಹೇಳಿದರೆ ಅದೇ ಪ್ರಮಾಣ. ಅಳುವ ಮಗುವಿಗೆ ಕನಿಕರದಿಂದ ಕದ್ದು ಕೊಟ್ಟ ಬಿಸ್ಕತ್ತು ವಾಂತಿಯಾಗಿ ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ವಿದ್ಯಾರ್ಥಿಗಳೇ, ತಿಂದಿದ್ದರೆ ತಿಂದೆನೆಂದು ಹೇಳಿರಿ. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ, ವೈದ್ಯರಿಗೆ ಹೇಳಿದ ಸತ್ಯವೂ ಒಂದು ಔಷಧಿಯೇ.