ವಾಟರ್ ಪೋಲೊ: ಪರೀಕ್ಷೆಗೆ ಬೇಕಾದಷ್ಟು

ಕರ್ನೂಲು ಜಿಲ್ಲೆಯ ನಂದವರಂ ತುಂಗಭದ್ರೆಯ ಸೀಮೆ. ಇಂಥ ಊರಿನ ಹೊಳೆಯಲ್ಲಿ ಈಜು ಕಲಿತವರಿಗೂ ವಾಟರ್ ಪೋಲೊ ಆಡಲು ಆಳವಾದ ಈಜುಕೊಳ, ತರಬೇತುದಾರ, ನಿಯಮಿತ ಪಂದ್ಯಗಳು ಬೇಕು. ಆಟ ಬೆಳೆಯದ ಕಡೆಗಳಲ್ಲಿ ಸಾಮಾನ್ಯವಾಗಿ ಇರುವ ಕೊರತೆಯೂ ಇದೇ.

ಆಟದ ಸ್ವರೂಪ
• ನೀರಿನಲ್ಲಿ ಒಂದು ತಂಡದಿಂದ ಗೋಲ್‌ಕೀಪರ್ ಸೇರಿ 7 ಮಂದಿ.
• ತಲಾ 8 ನಿಮಿಷಗಳ 4 ಅವಧಿಗಳು.
• ಗೋಲ್‌ಕೀಪರ್ ಹೊರತು ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ತಳಕ್ಕೆ ಕಾಲೂರದೆ, ಕಾಲುಗಳನ್ನು ಸುತ್ತಿಸುತ್ತಾ ತೇಲಬೇಕು.

ಒಲಿಂಪಿಕ್ಸ್
• ಪುರುಷರಿಗೆ 1900ರ ಪ್ಯಾರಿಸ್, ಮಹಿಳೆಯರಿಗೆ 2000ದ ಸಿಡ್ನಿ ಕ್ರೀಡಾಕೂಟದಿಂದ.
• ಅತಿ ಹೆಚ್ಚು ಪುರುಷರ ಚಿನ್ನ: ಹಂಗೇರಿ (9).
• 2024ರ ಚಿನ್ನ: ಪುರುಷರಲ್ಲಿ ಸರ್ಬಿಯಾ, ಮಹಿಳೆಯರಲ್ಲಿ ಸ್ಪೇನ್.

ಭಾರತ
• 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಭಾಗಿ.
• ಏಷ್ಯನ್ ಕ್ರೀಡಾಕೂಟ: 1951ರಲ್ಲಿ (ನವದೆಹಲಿ) ಚಿನ್ನ, 1970ರಲ್ಲಿ ಬೆಳ್ಳಿ, 1982ರಲ್ಲಿ ಕಂಚು.
• ರಾಷ್ಟ್ರೀಯ ಸಂಸ್ಥೆ: ಭಾರತೀಯ ಈಜು ಒಕ್ಕೂಟ. ಜಾಗತಿಕ ಸಂಸ್ಥೆ: ವರ್ಲ್ಡ್ ಅಕ್ವಾಟಿಕ್ಸ್ (ಹಿಂದಿನ ಹೆಸರು ಫಿನಾ).

ಸಣ್ಣ ದೇಶದ ಮಾದರಿ
ಸುಮಾರು 6 ಲಕ್ಷ ಜನಸಂಖ್ಯೆಯ ಮಾಂಟೆನೆಗ್ರೊ 2006ರಲ್ಲಿ ಸ್ವತಂತ್ರವಾಯಿತು. 2008ರಲ್ಲೇ ಯುರೋಪಿಯನ್ ಚಾಂಪಿಯನ್ ಆಯಿತು. ಯುಗೊಸ್ಲಾವಿಯ ಕಾಲದಿಂದ ಬಂದ ಕರಾವಳಿ ಕ್ಲಬ್‌ಗಳ ಪರಂಪರೆ ಅದಕ್ಕೆ ಬಲವಾಗಿತ್ತು.

ಮಾದರಿ ಪ್ರಶ್ನೆ: ಭಾರತ ವಾಟರ್ ಪೋಲೊದಲ್ಲಿ ಏಷ್ಯನ್ ಚಿನ್ನ ಗೆದ್ದ ವರ್ಷ?
ಉತ್ತರ: 1951.