ವೃತ್ತಿ ಸಂಘದ ನಾಯಕತ್ವ: ಎಂಜಿನಿಯರುಗಳ ಏಳಿಗೆ ಮತ್ತು ನಮ್ಮ ಸಣ್ಣ ಉದ್ದಿಮೆಗಳು

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವನ್ನು ಎಂಜಿನಿಯರುಗಳ ದಿನವನ್ನಾಗಿ ಆಚರಿಸುವುದು ನಮ್ಮಲ್ಲಿ ರೂಢಿ. ಭಾವಚಿತ್ರಕ್ಕೆ ಮಾಲಾರ್ಪಣೆ, ಹಿರಿಯರಿಗೆ ಶಾಲು ಮತ್ತು ಫಲತಾಂಬೂಲ, ಕೆಲವು ಭಾಷಣಗಳು, ಬಳಿಕ ಊಟ. ಇಷ್ಟಕ್ಕೆ ಕಾರ್ಯಕ್ರಮ ಮುಗಿಯುತ್ತದೆ. ಮರುದಿನ ಅದೇ ಊರಿನ ಅಕ್ಕಿ ಗಿರಣಿಯ ಮಾಲೀಕರು ಯಂತ್ರ ನೋಡಿಕೊಳ್ಳಲು ತಿಳಿದವರು ಸಿಗುತ್ತಿಲ್ಲವೆಂದು ಚಿಂತಿಸುತ್ತಾರೆ. ಅದೇ ಊರಿನ ಬಿ.ಇ. ಪದವೀಧರನು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಇವರಿಬ್ಬರನ್ನು ಒಂದೆಡೆ ಸೇರಿಸಬೇಕಾದುದು ವೃತ್ತಿ ಸಂಘ. ಅಂತಹ ಸಂಘವನ್ನು ಮುನ್ನಡೆಸುವವರ ಹೊಣೆಗಳೇನು ಎಂಬುದನ್ನು ಒಬ್ಬ ಲೆಕ್ಕಪರಿಶೋಧಕನ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವರ್ತಕರಿಗೆ ಎಂಜಿನಿಯರಿಂಗ್ ವಿದ್ಯೆಯ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿಯು ಈ ಸೀಮೆಯ ಕೃಷಿಯನ್ನೂ ವ್ಯಾಪಾರವನ್ನೂ ಬದಲಾಯಿಸಿತು. ಕಬ್ಬು, ಆಲೆಮನೆ, ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ ಇವೆಲ್ಲವೂ ಬಹುಮಟ್ಟಿಗೆ ಆ ನೀರನ್ನೇ ನೆಚ್ಚಿ ಬೆಳೆದವು. ದಿವಾನರಾಗಿದ್ದಾಗ ವಿಶ್ವೇಶ್ವರಯ್ಯನವರು 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯ ಸ್ಥಾಪನೆಗೆ ಕಾರಣರಾದರು. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ವರ್ತಕರ ಸಂಸ್ಥೆ ಮತ್ತು ಎಂಜಿನಿಯರುಗಳ ವಿದ್ಯಾಸಂಸ್ಥೆ ಹೀಗೆ ಬೆನ್ನುಬೆನ್ನಿಗೆ ಹುಟ್ಟಿದುದನ್ನು ನಾವು ನೆನಪಿನಲ್ಲಿಡಬೇಕು.

1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದ ಮೇಲೆ ಜಿಲ್ಲೆಯ ರೈತಾಪಿ ಮಕ್ಕಳಿಗೆ ಈ ವಿದ್ಯೆ ಹತ್ತಿರವಾಯಿತು. ಈಗ ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿಯೂ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ ಕಾಲೇಜುಗಳಿವೆ. ಪಾಂಡವಪುರದವರಿಗೂ ಇವು ದೂರವಲ್ಲ. ಆದ್ದರಿಂದ ಇಂದಿನ ಕೊರತೆಯು ಪದವಿಯದಲ್ಲ, ಪದವಿಯ ನಂತರದ ಮಾರ್ಗದರ್ಶನದ್ದು. ಮನೆಯಲ್ಲಿ ಮೊದಲ ಬಾರಿಗೆ ಎಂಜಿನಿಯರ್ ಆದವನಿಗೆ ಸಂದರ್ಶನ ಹೇಗಿರುತ್ತದೆ, ಯಾವ ಕೆಲಸದಲ್ಲಿ ಮೇಲೇರುವ ಅವಕಾಶವಿದೆ ಎಂದು ಹೇಳಿಕೊಡಲು ಅಪ್ಪನಿಗಾಗಲಿ ಚಿಕ್ಕಪ್ಪನಿಗಾಗಲಿ ತಿಳಿದಿರುವುದಿಲ್ಲ.

ಮೂರು ನಿದರ್ಶನಗಳು

ಇದೇ ಕೊರತೆಯನ್ನು ಅಮೆರಿಕದ ಸ್ಪ್ಯಾನಿಷ್ ಮೂಲದ ಎಂಜಿನಿಯರುಗಳೂ ಅನುಭವಿಸಿದರು. 1974ರಲ್ಲಿ ಲಾಸ್ ಏಂಜಲೀಸ್ ನಗರಾಡಳಿತದ ನೌಕರರಾಗಿದ್ದ ಕೆಲವು ಎಂಜಿನಿಯರುಗಳು ತಮ್ಮ ಸಮುದಾಯದವರ ವೃತ್ತಿ ಬೆಳವಣಿಗೆಗಾಗಿ ಒಂದು ಸಂಘವನ್ನು ಕಟ್ಟಿದರು. ಕಾಲೇಜುಗಳಲ್ಲಿ ವಿದ್ಯಾರ್ಥಿ ಘಟಕಗಳು, ನಗರಗಳಲ್ಲಿ ವೃತ್ತಿನಿರತರ ಘಟಕಗಳು, ವರ್ಷಕ್ಕೊಮ್ಮೆ ಕಂಪನಿಗಳೂ ಅಭ್ಯರ್ಥಿಗಳೂ ಮುಖಾಮುಖಿಯಾಗುವ ಸಮ್ಮೇಳನ ಇವು ಅದರ ಕಾರ್ಯವಿಧಾನ. ಉದ್ಯೋಗದಾತರನ್ನು ಆ ಸಂಘವು ತನ್ನ ಕೆಲಸದ ಒಳಗೇ ಸೇರಿಸಿಕೊಂಡಿತೆಂಬುದು ಗಮನಾರ್ಹ.

ನಮ್ಮಲ್ಲಿಯೂ ಸಮುದಾಯ ಸಂಘಗಳು ಹಳೆಯವೇ. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವು 1979ರಲ್ಲಿ ಬೆಂಗಳೂರು ತಾಂತ್ರಿಕ ವಿದ್ಯಾಲಯವನ್ನು ಆರಂಭಿಸಿತು. ಅನ್ಯಾನ್ಯ ಸಮುದಾಯಗಳ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ ಮುಂದೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಆದರೆ ಓದಿಸುವುದು ಒಂದು ಕೆಲಸ, ಓದಿದವರನ್ನು ವೃತ್ತಿಯಲ್ಲಿ ಬೆಳೆಸುವುದು ಇನ್ನೊಂದು ಕೆಲಸ.

ಮೂರನೆಯದು, 1920ರಲ್ಲಿ ಸ್ಥಾಪನೆಗೊಂಡು 1935ರಲ್ಲಿ ರಾಜ ಸನ್ನದು ಪಡೆದ ಭಾರತೀಯ ಎಂಜಿನಿಯರುಗಳ ಸಂಸ್ಥೆ. ಅದರ ಎ.ಎಂ.ಐ.ಇ. ಪರೀಕ್ಷೆಗಳು ದುಡಿಯುತ್ತಲೇ ಓದಬಯಸುವ ಡಿಪ್ಲೊಮಾದಾರರಿಗೆ ಬಹುಕಾಲ ಏಣಿಯಾಗಿದ್ದವು. 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಅದು ಪದವಿಗೆ ಸಮಾನವೆಂದು ಕೇಂದ್ರ ಸರ್ಕಾರ ನಿಗದಿಪಡಿಸಿದ ಮೇಲೆ ಆ ದಾರಿ ಕಿರಿದಾಯಿತು. ಡಿ.ಸಿ.ಇ.ಟಿ. ಮೂಲಕ ಬಿ.ಇ. ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯುವಂತಹ ಬೇರೆ ದಾರಿಗಳಿವೆ. ಅವುಗಳನ್ನು ಸಕಾಲದಲ್ಲಿ ತಿಳಿಸುವುದು ಸ್ಥಳೀಯ ಸಂಘದ ಕೆಲಸ.

ಅನುಭವದ ಪಾಠ

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಲೆಕ್ಕ ಪರಿಶೋಧಿಸುತ್ತಿದ್ದ ಒಂದು ಸಂಘವು ವಿದ್ಯಾನಿಧಿಯ ಹಣವನ್ನು ವಾರ್ಷಿಕೋತ್ಸವದ ಶಾಮಿಯಾನ ಮತ್ತು ಸ್ಮರಣ ಸಂಚಿಕೆಗೆ ಖರ್ಚು ಮಾಡಿತ್ತು. ರಸೀದಿ, ವೋಚರ್, ಸಹಿ ಎಲ್ಲವೂ ಕ್ರಮವಾಗಿದ್ದವು. ಹಣ ಎಲ್ಲಿಗೂ ಸೋರಿರಲಿಲ್ಲ. ನಾನು ಯಾವ ಟಿಪ್ಪಣಿಯನ್ನೂ ಬರೆಯದೆ ಸಹಿ ಹಾಕಿದೆ. ಮುಂದಿನ ವರ್ಷ ಆಲೆಮನೆ ಕೆಲಸಗಾರರೊಬ್ಬರ ಮಗ, ಡಿಪ್ಲೊಮಾ ಮುಗಿಸಿ ಬಿ.ಇ.ಗೆ ಸೀಟು ದೊರೆತವನು, ಶುಲ್ಕದ ನೆರವು ಕೇಳಿಕೊಂಡು ಬಂದ. ಖಜಾಂಚಿಯವರು "ಮುಂದಿನ ವರ್ಷ ನೋಡೋಣಪ್ಪ" ಎಂದರು. ಸೀಟು ಒಂದು ವರ್ಷ ಕಾಯುವುದಿಲ್ಲ. ಆತ ಸೀಟು ಬಿಟ್ಟು ಮೇಲ್ವಿಚಾರಕನ ಕೆಲಸಕ್ಕೆ ಸೇರಿದನೆಂದು ಆಮೇಲೆ ತಿಳಿಯಿತು. ನಿಧಿಯ ಉದ್ದೇಶವನ್ನು ನೋಡದೆ ಅಂಕಿಗಳನ್ನಷ್ಟೇ ನೋಡಿದ ತಪ್ಪು ನನ್ನದೂ ಹೌದು. ಕೆಳಗಿನ ಸಲಹೆಗಳ ಹಿಂದೆ ಆ ಪಶ್ಚಾತ್ತಾಪವಿದೆ.

ಅಧ್ಯಕ್ಷರ ನಾಲ್ಕು ಕರ್ತವ್ಯಗಳು

1. ಸದಸ್ಯರ ಪಟ್ಟಿ: ಹೆಸರು ಮತ್ತು ವಿಳಾಸ ಸಾಲದು. ಯಾವ ವಿಭಾಗ, ಎಲ್ಲಿ ಕೆಲಸ, ಯಾವ ವಿಷಯದಲ್ಲಿ ಕಿರಿಯರಿಗೆ ನೆರವಾಗಬಲ್ಲರು ಎಂಬ ವಿವರವಿರಬೇಕು. ಹೊರ ಊರುಗಳಲ್ಲಿರುವ ನಮ್ಮ ತಾಲ್ಲೂಕುಗಳ ಎಂಜಿನಿಯರುಗಳೂ ಅದರಲ್ಲಿರಬೇಕು.

2. ಹಿರಿಯ-ಕಿರಿಯ ಜೋಡಣೆ: ಅಂತಿಮ ವರ್ಷದ ಪ್ರತಿ ವಿದ್ಯಾರ್ಥಿಗೆ ಒಬ್ಬ ಹಿರಿಯ ಸದಸ್ಯರನ್ನು ಗೊತ್ತುಪಡಿಸಿ, ತಿಂಗಳಿಗೊಮ್ಮೆ ಮಾತುಕತೆ ಮತ್ತು ವರ್ಷಕ್ಕೆರಡು ಅಣಕು ಸಂದರ್ಶನ ಏರ್ಪಡಿಸಬೇಕು. ಇದಕ್ಕೆ ಹಣಕ್ಕಿಂತ ಶ್ರದ್ಧೆ ಮುಖ್ಯ.

3. ನಿಧಿಯ ಪ್ರತ್ಯೇಕತೆ: ಉದಾಹರಣೆಗೆ, 120 ಸದಸ್ಯರು ತಲಾ 1,000 ರೂ. ಕೊಟ್ಟರೆ 1,20,000 ರೂ. ಆಗುತ್ತದೆ. ಇದರ ಅರ್ಧ, ಅಂದರೆ 60,000 ರೂ., ವೃತ್ತಿ ಅಭಿವೃದ್ಧಿ ನಿಧಿಗೆ ಎಂದು ಉಪನಿಯಮದಲ್ಲಿಯೇ ಬರೆಯಬೇಕು. ಉಳಿದುದರಲ್ಲಿ ಕಚೇರಿ ವೆಚ್ಚವೂ ಸಮಾರಂಭವೂ ನಡೆಯಬೇಕು. ನಿಧಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇದ್ದರೆ ಹಣ ಅತ್ತಿತ್ತ ಹೋಗುವ ಭಯ ಕಡಿಮೆ.

4. ಅಧಿಕಾರ ಹಸ್ತಾಂತರ: ಒಬ್ಬರೇ ಎರಡು ಅವಧಿಗಿಂತ ಹೆಚ್ಚು ಕಾಲ ಅಧ್ಯಕ್ಷರಾಗಬಾರದು. ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ರಸೀದಿ ಪುಸ್ತಕ, ಪಾಸ್‌ಬುಕ್ ಇವುಗಳನ್ನು ಪಟ್ಟಿ ಮಾಡಿ ಸಹಿಯೊಂದಿಗೆ ಒಪ್ಪಿಸಬೇಕು. ಸಂಘವು ಅಧ್ಯಕ್ಷರ ಮನೆಯ ಬೀರುವಿನಲ್ಲಿದ್ದರೆ ಅವರೊಂದಿಗೇ ನಿವೃತ್ತವಾಗುತ್ತದೆ.

ಕಾನೂನಿನ ಅಂಶಗಳು

ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರಡಿ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಮಹಾಸಭೆ ನಡೆಸಿ, ಆ ಬಳಿಕ 14 ದಿನಗಳೊಳಗೆ ಆಡಳಿತ ಮಂಡಲಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಇದನ್ನು ಮರೆಯುವ ಸಂಘಗಳೇ ಹೆಚ್ಚು.

ಆದಾಯ ತೆರಿಗೆಯ ವಿಚಾರದಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಒಂದು ನಿರ್ದಿಷ್ಟ ಜಾತಿ ಅಥವಾ ಧಾರ್ಮಿಕ ಸಮುದಾಯದ ಹಿತಕ್ಕೆಂದೇ ಸ್ಥಾಪಿತವಾದ ದತ್ತಿ ಸಂಸ್ಥೆಗೆ 1961ರ ಕಾಯಿದೆಯ 13(1)(ಬಿ) ಕಲಮಿನಂತೆ ತೆರಿಗೆ ವಿನಾಯಿತಿ ದೊರೆಯುತ್ತಿರಲಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳ ಹಿತದ ಸಂಸ್ಥೆಗಳಿಗೆ ಈ ನಿರ್ಬಂಧವಿರಲಿಲ್ಲ. ಆದ್ದರಿಂದ "ನಾಲ್ಕು ತಾಲ್ಲೂಕುಗಳ ಗ್ರಾಮೀಣ ಎಂಜಿನಿಯರುಗಳು" ಎಂದು ಎಲ್ಲರನ್ನೂ ಒಳಗೊಳ್ಳುವಂತೆ ಧ್ಯೇಯೋದ್ದೇಶ ಬರೆಯುವುದು ನ್ಯಾಯಸಮ್ಮತವೂ ಕ್ಷೇಮಕರವೂ ಹೌದು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿರುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಲಹೆ ಪಡೆಯಬೇಕು. ಎರಡನೆಯದಾಗಿ, ಸದಸ್ಯರ ಪರಸ್ಪರ ಹಣವೆಂಬ ಕಾರಣದಿಂದ ಬ್ಯಾಂಕ್ ಠೇವಣಿಯ ಬಡ್ಡಿಗೆ ತೆರಿಗೆಯಿಲ್ಲವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಬೆಂಗಳೂರು ಕ್ಲಬ್ಬಿನ ಮೊಕದ್ದಮೆಯಲ್ಲಿ ತಳ್ಳಿಹಾಕಿದೆ.

ವರ್ತಕರು ಮತ್ತು ಉದ್ದಿಮೆದಾರರ ಪಾತ್ರ

"ಎಂಜಿನಿಯರ್ ಇಟ್ಟುಕೊಳ್ಳುವಷ್ಟು ನಮ್ಮದು ದೊಡ್ಡ ಘಟಕವಲ್ಲ" ಎಂಬುದು ಅನೇಕರ ಮಾತು. 1961ರ ಅಪ್ರೆಂಟಿಸ್ ಕಾಯಿದೆಯನ್ನು ಇಲ್ಲಿ ನೆನೆಯಬೇಕು. 1973ರ ತಿದ್ದುಪಡಿಯಿಂದ ಪದವೀಧರ ಮತ್ತು ಡಿಪ್ಲೊಮಾ ಎಂಜಿನಿಯರುಗಳೂ ಅದರ ವ್ಯಾಪ್ತಿಗೆ ಬಂದರು. 2019ರ ನಿಯಮಗಳ ತಿದ್ದುಪಡಿಯಂತೆ 30 ಅಥವಾ ಹೆಚ್ಚು ನೌಕರರಿರುವ ಘಟಕಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ನೌಕರರಿರುವ ಘಟಕಗಳಿಗೆ ಐಚ್ಛಿಕ. ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ನಿಗದಿತ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಮ್ಮ ಗಿರಣಿ, ಲೇತ್ ವರ್ಕ್‌ಶಾಪ್, ತೆಂಗಿನ ನಾರಿನ ಘಟಕಗಳು ಐಚ್ಛಿಕ ವರ್ಗಕ್ಕೆ ಸೇರುವುದೇ ಹೆಚ್ಚು. ಒಬ್ಬ ತರುಣನಿಗೆ ಒಂದು ವರ್ಷದ ಅನುಭವ ದೊರೆತರೆ, ನಮಗೆ ವಿದ್ಯುತ್ ಉಳಿತಾಯ, ಯಂತ್ರದ ನಿರ್ವಹಣಾ ಪಟ್ಟಿ, ಅಂದಾಜು ಪಟ್ಟಿಗಳಂತಹ ಬಾಕಿ ಕೆಲಸಗಳು ಆಗುತ್ತವೆ. ನೋಂದಣಿ ಮತ್ತು ಮರುಪಾವತಿಯ ಕಾಗದಪತ್ರಗಳನ್ನು ಎಂಜಿನಿಯರುಗಳ ಸಂಘವೂ ವರ್ತಕರ ಸಂಘವೂ ಒಟ್ಟಾಗಿ ನಿರ್ವಹಿಸಿದರೆ ಸಣ್ಣ ಘಟಕಗಳಿಗೆ ಹೊರೆಯಾಗದು.

ಉಪಸಂಹಾರ

ಬರುವ ಎಂಜಿನಿಯರುಗಳ ದಿನದಂದು ಸಂಘದ ವೇದಿಕೆಯಲ್ಲಿ ಸನ್ಮಾನಗಳ ಜೊತೆಗೆ ಮೂರು ಅಂಕಿಗಳನ್ನು ಓದಬೇಕೆಂದು ನನ್ನ ವಿನಂತಿ: ಈ ವರ್ಷ ಎಷ್ಟು ಕಿರಿಯರಿಗೆ ಹಿರಿಯರ ಮಾರ್ಗದರ್ಶನ ದೊರೆಯಿತು, ಎಷ್ಟು ಮಂದಿ ನಮ್ಮ ಘಟಕಗಳಲ್ಲಿ ತರಬೇತಿ ಪಡೆದರು, ವೃತ್ತಿ ಅಭಿವೃದ್ಧಿ ನಿಧಿಯಲ್ಲಿ ಎಷ್ಟು ಹಣ ಉಳಿದಿದೆ. ಮೊದಲ ವರ್ಷ ಅಂಕಿಗಳು ಚಿಕ್ಕವಾಗಿದ್ದರೂ ಸಂಕೋಚ ಬೇಡ. ಸಹಾಯ ಕೇಳಿ ಬಂದ ಹುಡುಗನನ್ನು ಮುಂದಿನ ವರ್ಷ ಬಾ ಎಂದು ಕಳುಹಿಸದಷ್ಟು ಸಿದ್ಧತೆ ನಮ್ಮ ಸಂಘಗಳಲ್ಲಿದ್ದರೆ ಸಾಕು.